ತಟದಲ್ಲಿ ನಿಂತ ದೇಶ: ನಾರ್ವೆಯಲ್ಲಿ ಏಳು ದಿನ

ತಟಸ್ಥ ಅಂದರೆ ತಟದಲ್ಲಿ ನಿಂತವನು. ನೀರಿಗೆ ಇಳಿಯದೆ ದಡದಲ್ಲೇ ಉಳಿದವನು. ಎಷ್ಟೋ ವರ್ಷ ಈ ಪದ ಬಳಸಿದ್ದೆ, ಅದರೊಳಗೆ ಒಂದು ದಡ ಇದೆ ಎಂದು ಗಮನಿಸಿರಲಿಲ್ಲ. ಗಮನಕ್ಕೆ ಬಂದದ್ದು ನಾರ್ವೆಯಲ್ಲಿ. ಆ ದೇಶದ ಹೆಸರಿಗೆ ‘ಉತ್ತರದ ದಾರಿ’ ಎಂದು ಅರ್ಥ ಹೇಳುತ್ತಾರೆ. ಕರಾವಳಿಯ ಉದ್ದಕ್ಕೂ ಸಾವಿರಾರು ನಡುಗಡ್ಡೆಗಳು. ಅವುಗಳ ಮತ್ತು ನೆಲದ ನಡುವೆ ಅಲೆ ಕಡಿಮೆ ಇರುವ ನೀರಿನ ಓಣಿ. ಹಡಗುಗಳಿಗೆ ಅದೇ ಹೆದ್ದಾರಿ. ಇವರು ದಡದಲ್ಲೇ ನಿಂತಿದ್ದರು ನಿಜ, ಆದರೆ ಆ ಹೆದ್ದಾರಿ ಇವರ ಅಂಗಳದಲ್ಲೇ ಇತ್ತು.

ಮೊದಲ ದಿನ: ಓಸ್ಲೋ

ಜೂನ್ ಮೊದಲ ವಾರ. ಟಿಕೆಟ್, ರೂಮು ಎಲ್ಲ ತಮ್ಮನೇ ನೋಡಿಕೊಂಡಿದ್ದ. ಯಾವ ಊರು ಮೊದಲು, ಯಾವುದು ಆಮೇಲೆ ಅನ್ನುವುದು ಮಾತ್ರ ನನ್ನ ಹಟ. ಎರಡನೇ ಮಹಾಯುದ್ಧದಲ್ಲಿ ನಾರ್ವೆ ತಟಸ್ಥವಾಗಿತ್ತು, ಆದರೂ 1940ರ ಏಪ್ರಿಲ್‌ನಲ್ಲಿ ಜರ್ಮನಿ ದಾಳಿ ಮಾಡಿತು. 1939ರ ಸೆಪ್ಟೆಂಬರ್‌ನಿಂದ ಆ ಏಪ್ರಿಲ್‌ವರೆಗೆ, ಏಳು ತಿಂಗಳಲ್ಲಿ ಯುದ್ಧ ಹೇಗೆ ಹತ್ತಿರ ಬಂತೋ ಹಾಗೇ ನಾವೂ ಸುತ್ತಬೇಕು. ಕೊನೆಗೆ ಮಾತ್ರ ಎಲ್ಲದರ ಬೇರು ಇರುವ ನಾರ್ವಿಕ್.

ಬ್ಯಾಗ್ ಇಟ್ಟು ಬಂದರಿನ ಕಡೆ ನಡೆದೆವು. ಆಕರ್ ಬ್ರಿಗ್ಗೆ ಎಂಬ ಜಾಗದಲ್ಲಿ ದೊಡ್ಡ ಕಬ್ಬಿಣದ ಲಂಗರು ಇದೆ. ‘ಬ್ಲೂಶರ್’ ಎಂಬ ಜರ್ಮನ್ ಯುದ್ಧನೌಕೆಯದು. ಎರಡು ಮಕ್ಕಳು ಅದರ ಮೇಲೆ ಹತ್ತಿ ಐಸ್‌ಕ್ರೀಮ್ ತಿನ್ನುತ್ತಿದ್ದವು. ಫೋಟೋ ತೆಗೆದು ಮುಂದೆ ಹೋದೆವು. ಆ ಹಡಗು ಮುಳುಗಿದ ಜಾಗ ನೋಡುವುದು ಐದನೇ ದಿನಕ್ಕಿತ್ತು.

ಎದುರಿನ ಆಕರ್ಸ್‌ಹುಸ್ ಕೋಟೆಯೊಳಗೆ ಪ್ರತಿರೋಧ ಚಳವಳಿಯ ಮ್ಯೂಸಿಯಂ ಇದೆ. ಅದನ್ನು ನೋಡಿ ಹೊರಬಂದಾಗ ತುಂತುರು ಮಳೆ. ಮರದ ಕೆಳಗಿನ ಬೆಂಚಿನಲ್ಲಿ ಒಬ್ಬ ಮುದುಕರು ಜಾಗ ಬಿಟ್ಟುಕೊಟ್ಟರು. ಹಡಗಿನಲ್ಲಿ ದುಡಿದು ನಿವೃತ್ತರಾದವರು. ಅವರ ತಂದೆಯೂ ನಾವಿಕರೇ.

“ಯುದ್ಧ 1940ರಲ್ಲಿ ಬಂತು ಅಂತ ಎಲ್ಲರೂ ಹೇಳುತ್ತಾರೆ. ನಾವಿಕರ ಮನೆಗೆ ಅದಕ್ಕೂ ಮೊದಲೇ ಬಂದಿತ್ತು” ಎಂದರು.

ಅವರ ಮಾತಿನಲ್ಲಿ ಹುರುಳಿದೆ. ಆಗ ಈ ದೇಶದ ಜನಸಂಖ್ಯೆ 30 ಲಕ್ಷ ಮುಟ್ಟಿರಲಿಲ್ಲ. ಆದರೆ ವ್ಯಾಪಾರಿ ಹಡಗುಗಳ ಲೆಕ್ಕದಲ್ಲಿ ಜಗತ್ತಿಗೇ ನಾಲ್ಕನೆಯದು. ಎಣ್ಣೆ ಸಾಗಿಸುವ ಹೊಸ ಟ್ಯಾಂಕರುಗಳಂತೂ ಎಲ್ಲರಿಗೂ ಬೇಕಾಗಿದ್ದವು. ಮೊದಲನೇ ಮಹಾಯುದ್ಧದಲ್ಲೂ ನಾರ್ವೆ ತಟಸ್ಥವಾಗಿತ್ತು. ಆದರೂ ಹಡಗುಗಳಲ್ಲಿ ಸುಮಾರು ಅರ್ಧ ಹೋದವು, ಸುಮಾರು 2,000 ನಾವಿಕರು ಸತ್ತರು. ನೆಲದ ಮೇಲೆ ಮಾತ್ರ ಒಂದು ಗುಂಡೂ ಬೀಳಲಿಲ್ಲ. ಹಾಗಾಗಿ ಹಳ್ಳಿ ಪಟ್ಟಣಗಳಲ್ಲಿ ಉಳಿದದ್ದು ‘ನಾವು ದಾಟಿಬಂದೆವು’ ಎಂಬ ನೆನಪು. 1939ರಲ್ಲೂ ಅದನ್ನೇ ನಂಬಿದರು. ಪ್ರಧಾನಿ ನ್ಯೂಗೋರ್ಡ್ಸ್‌ವೋಲ್ಡ್, ವಿದೇಶಾಂಗ ಮಂತ್ರಿ ಹಾಲ್ವ್‌ದಾನ್ ಕೂಟ್ ಇಬ್ಬರಿಗೂ ದೇಶವನ್ನು ಹೊರಗಿಡುವುದೇ ಗುರಿ.

ಅದೇ ನವೆಂಬರ್‌ನಲ್ಲಿ ದೊಡ್ಡ ದೊಡ್ಡ ಟ್ಯಾಂಕರುಗಳನ್ನು ಬ್ರಿಟನ್ನಿಗೆ ಬಾಡಿಗೆಗೆ ಕೊಡಲು ಹಡಗು ಮಾಲೀಕರ ಸಂಘ ಒಪ್ಪಿತು. ಹೊರಗಿನಿಂದ ಕಲ್ಲಿದ್ದಲು ಬೇಕು, ಧಾನ್ಯ ಬೇಕು, ಒಪ್ಪದೆ ಇರುವುದು ಕಷ್ಟ. ಆ ಕಡೆ ಜರ್ಮನಿಯ ಜೊತೆಗೂ ವ್ಯಾಪಾರ ನಡೆದೇ ಇತ್ತು. ಒಂದೊಂದು ಸಹಿಗೂ ಒಳ್ಳೆಯ ಕಾರಣವಿತ್ತು. ನನ್ನನ್ನು ಕಾಡುವುದು ಇದೇ. ತಪ್ಪು ಹೆಜ್ಜೆ ಯಾವುದು ಎಂದು ಬೆರಳಿಟ್ಟು ತೋರಿಸೋಕೆ ಆಗಲ್ಲ.

ಎರಡನೇ ದಿನ: ಎಗರ್‌ಸುಂಡ್

ಇಡೀ ದಿನ ರೈಲು. ಕಾಡು, ಕೆರೆ, ಸುರಂಗ, ಮತ್ತೆ ಕೆರೆ. ಭಾನುವಾರವಾದ್ದರಿಂದ ಎಗರ್‌ಸುಂಡ್‌ನಲ್ಲಿ ಅಂಗಡಿಗಳೆಲ್ಲ ಮುಚ್ಚಿದ್ದವು. ಈ ದೇಶದಲ್ಲಿ ಶನಿವಾರವೇ ಬ್ರೆಡ್ಡು, ಹಣ್ಣು ತೆಗೆದಿಟ್ಟುಕೊಂಡಿರಬೇಕು. ನಮಗೆ ಗೊತ್ತಿರಲಿಲ್ಲ. ಪೆಟ್ರೋಲ್ ಬಂಕಿನ ಪಕ್ಕ ಬಿಸಿ ವಾಫಲ್ ಸಿಕ್ಕಿತು. ಹೃದಯದ ಆಕಾರದ ಮೆತ್ತನೆಯ ವಾಫಲ್, ಮೇಲೆ ಜ್ಯಾಮ್, ತೆಳ್ಳಗೆ ಹೆರೆದ ಕಂದು ಚೀಸ್. ಆ ಚೀಸ್ ಸಿಹಿ, ಸ್ವಲ್ಪ ಉಪ್ಪು, ಚೆನ್ನಾಗಿ ಕಾಯಿಸಿದ ಖೋವಾದ ಹಾಗೆ. ತಲಾ ಮೂರು ತಿಂದೆವು.

ಮೂರನೇ ದಿನ: ಯೋಸಿಂಗ್‌ಫಿಯೋರ್ಡ್

ಬೆಳಿಗ್ಗೆ ಬಾಡಿಗೆ ಕಾರು ತೆಗೆದುಕೊಂಡು 44ನೇ ನಂಬರ್ ರಸ್ತೆ ಹಿಡಿದೆವು. ಇಲ್ಲಿಯ ಬೆಟ್ಟಗಳಿಗೆ ಮಣ್ಣೇ ಇಲ್ಲ. ಬೋಳು ಬಂಡೆ, ತಿಳಿ ಬೂದು ಬಣ್ಣ. ಚಂದ್ರನ ಎತ್ತರದ ಪ್ರದೇಶಗಳಲ್ಲಿ ಇರುವುದೂ ಇದೇ ಜಾತಿಯ ಕಲ್ಲಂತೆ. ಮಳೆ ಬಿದ್ದರೆ ಇಡೀ ಬೆಟ್ಟ ಮೀನಿನ ಮೈಯ ಹಾಗೆ ಹೊಳೆಯುತ್ತದೆ. ರಸ್ತೆ ಬಂಡೆಯ ಅಂಚಿಗೆ ಅಂಟಿಕೊಂಡು ತಿರುಗುತ್ತದೆ, ಸುರಂಗಕ್ಕೆ ನುಗ್ಗುತ್ತದೆ, ಹೊರಬಂದರೆ ಒಮ್ಮೆಲೇ ಕೆಳಗೆ ನೀರು.

“ಅಕ್ಕಾ, ಇದೇನಾ?” ಎಂದ ತಮ್ಮ. ಫಿಯೋರ್ಡ್ ಅಂದರೆ ಬೆಟ್ಟಗಳ ನಡುವೆ ನೆಲದೊಳಕ್ಕೆ ಚಾಚಿದ ಸಮುದ್ರದ ತೋಳು. ನಾನೂ ದೊಡ್ಡದನ್ನು ನಿರೀಕ್ಷಿಸಿದ್ದೆ. ಇದು ಬಂಡೆಗಳ ನಡುವೆ ಸಿಕ್ಕಿಕೊಂಡ ಕಿರಿದಾದ ನೀರು. ಒಳಗೆ ಬಂದ ಹಡಗಿಗೆ ಹೊರಹೋಗಲು ಬಂದ ದಾರಿ ಒಂದೇ.

1940ರ ಫೆಬ್ರುವರಿ 16. ‘ಆಲ್ಟ್‌ಮಾರ್ಕ್’ ಎಂಬ ಜರ್ಮನ್ ಹಡಗು ಇದರೊಳಗೆ ಬಂದು ಅಡಗಿತು. ಅಟ್ಲಾಂಟಿಕ್‌ನಲ್ಲಿ ‘ಗ್ರಾಫ್ ಸ್ಪೇ’ ಯುದ್ಧನೌಕೆಗೆ ಎಣ್ಣೆ ಒದಗಿಸುತ್ತಿದ್ದ ಹಡಗು ಅದು. ಗ್ರಾಫ್ ಸ್ಪೇ ಮುಳುಗಿಸಿದ ಬ್ರಿಟಿಷ್ ಹಡಗುಗಳ 299 ನಾವಿಕರು ಅದರ ಹೊಟ್ಟೆಯೊಳಗೆ ಸೆರೆಯಲ್ಲಿದ್ದರು. ನಡುಗಡ್ಡೆಗಳ ಒಳದಾರಿ ಹಿಡಿದು, ನಾರ್ವೆಯ ತಟಸ್ಥ ನೀರಿನ ಮರೆಯಲ್ಲಿ, ಜರ್ಮನಿಗೆ ಹೊರಟಿತ್ತು. ನಾರ್ವೆಯವರು ಮೂರು ಸಲ ಹಡಗು ಹತ್ತಿ ವಿಚಾರಿಸಿದರು. ಕ್ಯಾಪ್ಟನ್ ಸೆರೆಯಾಳುಗಳ ಸುದ್ದಿ ಎತ್ತಲಿಲ್ಲ. ಕೆಳಗಿದ್ದವರು ಕೂಗಿದರು, ಗೋಡೆ ಬಡಿದರು. ಆ ಸದ್ದು ಮುಚ್ಚಲು ಮೇಲೆ ಯಂತ್ರ ಓಡಿಸಿದರು. ಉಗ್ರಾಣಗಳ ಬಾಗಿಲು ತೆಗೆಸಿ ನೋಡದೆಯೇ ಹಡಗನ್ನು ಮುಂದೆ ಬಿಟ್ಟರು.

ನಾನು ರಸ್ತೆ ಬದಿಯ ಕಟ್ಟೆಗೆ ಒರಗಿ ಇದನ್ನೇ ಯೋಚಿಸುತ್ತಿದ್ದೆ. ತೆಗೆಸಿ ನೋಡಿದ್ದರೆ? ಸೆರೆಯಾಳುಗಳನ್ನು ಬಿಡಿಸಬೇಕಿತ್ತು, ಜರ್ಮನಿ ಕೆರಳುತ್ತಿತ್ತು. ನೋಡದೆ ಬಿಟ್ಟರು, ಬ್ರಿಟನ್ ಕೆರಳಿತು. ಆ ರಾತ್ರಿ ಕ್ಯಾಪ್ಟನ್ ಫಿಲಿಪ್ ವಿಯಾನ್ ನಡೆಸುತ್ತಿದ್ದ ಬ್ರಿಟಿಷ್ ಹಡಗು ‘ಕೊಸಾಕ್’ ಮಂಜುಗಡ್ಡೆ ಸೀಳಿಕೊಂಡು ಒಳಗೆ ಬಂತು. ಬ್ರಿಟಿಷ್ ನಾವಿಕರು ಆಲ್ಟ್‌ಮಾರ್ಕ್ ಮೇಲೆ ಹಾರಿದರು, ಗುಂಡು ಹಾರಿತು, ಕೆಲವು ಜರ್ಮನ್ನರು ಸತ್ತರು, 299 ಜನರೂ ಬಿಡುಗಡೆಯಾದರು. ನಾರ್ವೆಯ ಎರಡು ಸಣ್ಣ ಟಾರ್ಪಿಡೋ ದೋಣಿಗಳು ಅಲ್ಲೇ ಇದ್ದವು. ಬಾಯಿಮಾತಿನಲ್ಲಿ ಪ್ರತಿಭಟಿಸಿದವು, ಗುಂಡು ಹಾರಿಸಲಿಲ್ಲ.

ಓಸ್ಲೋದಿಂದ ಲಂಡನ್ನಿಗೆ ಖಂಡನೆಯ ಪತ್ರ ಹೋಯಿತು. ನೀವೇಕೆ ಅವರನ್ನು ತಡೆಯಲಿಲ್ಲ ಎಂದು ಬರ್ಲಿನ್ ಕೇಳಿತು. ಎರಡೂ ಕಡೆಯವರು ಕಲಿತದ್ದು ಮಾತ್ರ ಒಂದೇ: ಈ ನೀರನ್ನು ಕಾಯಲು ಇವರಿಂದ ಆಗುವುದಿಲ್ಲ. ಹಿಟ್ಲರ್ ಒಂದು ವಾರದೊಳಗೆ ಜನರಲ್ ಫಾಲ್ಕೆನ್‌ಹೋರ್ಸ್ಟ್‌ನನ್ನು ಕರೆಸಿ ನಾರ್ವೆಯ ಮೇಲೆ ದಾಳಿಯ ಹೊಣೆ ಕೊಟ್ಟ.

ಹತ್ತಿರದಲ್ಲೇ ಹೆಲ್ಲೆರೆನ್ ಎಂಬ ಜಾಗ. ಚಾಚಿಕೊಂಡ ಭಾರಿ ಬಂಡೆಯ ಅಡಿಯಲ್ಲಿ ಎರಡು ಹಳೇ ಮರದ ಮನೆಗಳು. ಮಳೆಗೆ ಬಂಡೆಯೇ ಕೊಡೆ. ಒಳಗೆ ಹೋಗಿ ನೋಡಬಹುದು, ದುಡ್ಡು ಕೊಡಬೇಕಿಲ್ಲ. ಬಾಗಿಲು ತುಂಬ ಗಿಡ್ಡ, ತಮ್ಮನ ತಲೆ ಬಡಿದೇ ಬಿಟ್ಟಿತು.

ವಾಪಸ್ ಬಂದರೆ ಕಾರಿನ ಹಿಂದಿನ ಟೈರು ನೆಲ ಕಚ್ಚಿತ್ತು. ಡಿಕ್ಕಿ ತೆಗೆದರೆ ಸ್ಟೆಪ್ನಿಯೇ ಇಲ್ಲ! ತೂತು ಮುಚ್ಚುವ ಅಂಟಿನ ಡಬ್ಬಿಯೊಂದು ಇತ್ತು ಅಷ್ಟೇ. ಕಾರು ತೆಗೆದುಕೊಳ್ಳುವಾಗಲೇ ಡಿಕ್ಕಿ ತೆಗೆದು ನೋಡಬೇಕಿತ್ತು. ಮಳೆ ಜೋರಾಯಿತು. ಫೋನಿನಲ್ಲಿ ಮೂರು ಗಂಟೆ ಕಾಯಿರಿ ಎಂದರು.

ಅಷ್ಟರಲ್ಲಿ ಒಂದು ಪಿಕಪ್ ಗಾಡಿ ನಿಂತಿತು. ಕಿತ್ತಳೆ ಜಾಕೆಟ್ ಹಾಕಿದ್ದ ಐವತ್ತರ ಗಂಡಸು. ಮೇಲಿನ ಟೈಟಾನಿಯಂ ಗಣಿಯಲ್ಲಿ ಕೆಲಸ. ಅದರ ಅದಿರು ಈಗಲೂ ಈ ಫಿಯೋರ್ಡ್‌ನಿಂದಲೇ ಹಡಗು ಹತ್ತುತ್ತದೆ. ಮಂಡಿಯೂರಿ ಕೂತು, ಮೊಳೆ ಕಿತ್ತು, ಅಂಟು ತುಂಬಿ, ಗಾಳಿ ಹೊಡೆದುಕೊಟ್ಟರು. ನಾವು ಯಾಕೆ ಬಂದೆವು ಎಂದು ಕೇಳಿ ಅವರಿಗೆ ಖುಷಿಯಾಯಿತು.

“ನಮ್ಮಜ್ಜಿಗೆ ಆಗ ಹನ್ನೊಂದು ವರ್ಷ. ರಾತ್ರಿ ಸದ್ದು ಕೇಳಿ ಎದ್ದಳಂತೆ. ಅವರಪ್ಪ, ಅದು ನಮ್ಮ ಜಗಳ ಅಲ್ಲ, ಮಲಗು ಅಂದರಂತೆ” ಎಂದರು. ಆಮೇಲೆ, “ಯೋಸಿಂಗ್ ಅಂದರೆ ಏನು ಗೊತ್ತಾ?” ಎಂದು ಕೇಳಿದರು.

ಓದಿ ತಿಳಿದಿದ್ದೆ, ಆದರೂ ಅವರ ಬಾಯಲ್ಲಿ ಕೇಳಬೇಕು ಅನ್ನಿಸಿತು. ಜರ್ಮನಿಯ ಪರವಾಗಿದ್ದ ಕ್ವಿಸ್ಲಿಂಗ್‌ನ ಬೆಂಬಲಿಗರು ತಮ್ಮ ವಿರೋಧಿಗಳನ್ನು ಹೀಯಾಳಿಸಲು ಈ ಫಿಯೋರ್ಡ್‌ನ ಹೆಸರು ಹಿಡಿದು ‘ಯೋಸಿಂಗ್’ ಎಂದರು. ಜನ ಆ ಬೈಗುಳವನ್ನೇ ಹೆಮ್ಮೆಯಿಂದ ಹೊತ್ತರು. ಕ್ವಿಸ್ಲಿಂಗ್ ಅನ್ನುವ ಹೆಸರು ಲೋಕಕ್ಕೆಲ್ಲ ದ್ರೋಹಿ ಎಂಬ ಪದವಾಯಿತು. ಯೋಸಿಂಗ್ ಅಂದರೆ ದೇಶಪ್ರೇಮಿ. “ನಾವು ಈ ಊರಿನವರು, ಹುಟ್ಟಿನಿಂದಲೇ ಯೋಸಿಂಗ್” ಎಂದು ನಕ್ಕು ಗಾಡಿ ಹತ್ತಿದರು. ದುಡ್ಡು ಮುಟ್ಟಲಿಲ್ಲ.

ನಾಲ್ಕನೇ ದಿನ: ಲಿಲ್ಲೆಸಾಂಡ್

ರಾತ್ರಿ ಫ್ಲೆಕ್ಕೆಫಿಯೋರ್ಡ್‌ನಲ್ಲಿ ತಂಗಿ, ಟೈರು ಬದಲಾಯಿಸಿಕೊಂಡು ಪೂರ್ವಕ್ಕೆ ಹೊರಟೆವು. ಬಿಸಿಲು ಬಂದಿತ್ತು. ಲಿಲ್ಲೆಸಾಂಡ್ ಬಿಳಿ ಮರದ ಮನೆಗಳ ಪುಟ್ಟ ಬಂದರು. ಕಿಟಕಿಗಳಲ್ಲಿ ಹೂವಿನ ಕುಂಡ, ಓಣಿಗಳಲ್ಲಿ ಗುಲಾಬಿ. ದಡದ ಹೋಟೆಲಿನಲ್ಲಿ ಬೆಣ್ಣೆ, ಕೆನೆ ಹಾಕಿದ ಮೀನಿನ ಸೂಪು ಕುಡಿದೆವು.

1940ರ ಏಪ್ರಿಲ್ 8, ಮಧ್ಯಾಹ್ನದ ಹೊತ್ತು. ಈ ಊರಿನ ಎದುರಿನ ಸಮುದ್ರದಲ್ಲಿ ‘ರಿಯೋ ಡಿ ಜನೈರೋ’ ಎಂಬ ಜರ್ಮನ್ ಹಡಗನ್ನು ‘ಓರ್ಜೆಲ್’ ಎಂಬ ಪೋಲೆಂಡಿನ ಸಬ್‌ಮರೀನ್ ಹೊಡೆದು ಮುಳುಗಿಸಿತು. ಮೀನುಗಾರರು ನೀರಿನಲ್ಲಿದ್ದವರನ್ನು ಎತ್ತಿ ತಂದರು. ನೋಡಿದರೆ ಅವರು ಸಮವಸ್ತ್ರ ತೊಟ್ಟ ಸೈನಿಕರು. ನೀರಿನಲ್ಲಿ ಕುದುರೆಗಳೂ ಇದ್ದವು. ಎಲ್ಲಿಗೆ ಹೊರಟಿದ್ದಿರಿ ಎಂದು ಕೇಳಿದರೆ, ಬರ್ಗೆನ್‌ಗೆ, ನಿಮ್ಮನ್ನು ಬ್ರಿಟಿಷರಿಂದ ಕಾಪಾಡಲು ಎಂದರು.

ಸುದ್ದಿ ಸಂಜೆಯೊಳಗೆ ಓಸ್ಲೋ ಮುಟ್ಟಿತು. ಆದರೆ ಓಸ್ಲೋದ ತಲೆ ಬೇರೆ ಕಡೆ ಇತ್ತು. ಅದೇ ಬೆಳಗ್ಗೆ ಬ್ರಿಟನ್, ಉತ್ತರದ ವೆಸ್ಟ್‌ಫಿಯೋರ್ಡ್‌ನ ನೀರಿನಲ್ಲಿ ಹಡಗು ತಡೆಯುವ ಸಿಡಿಗುಂಡು (ಮೈನ್) ಹಾಕಿದ್ದೇವೆ ಎಂದು ತಿಳಿಸಿತ್ತು. ಚರ್ಚಿಲ್ ಸೆಪ್ಟೆಂಬರ್‌ನಿಂದಲೂ ಒತ್ತಾಯಿಸುತ್ತಿದ್ದ ಕೆಲಸ ಅದು. ಸರ್ಕಾರ ಇಡೀ ದಿನ ಅದಕ್ಕೆ ಉತ್ತರ ಬರೆಯುವುದರಲ್ಲಿ, ಆ ಸಿಡಿಗುಂಡು ತೆಗೆಸುವ ಮಾತಿನಲ್ಲಿ ಮುಳುಗಿತ್ತು. ಜರ್ಮನ್ ನೌಕಾಪಡೆ ಆಗಲೇ ಸಮುದ್ರದಲ್ಲಿತ್ತು. ವಿದೇಶಾಂಗ ಮಂತ್ರಿ ಕೂಟ್‌ಗೆ ಇದ್ದ ಭಯವೇ ಬೇರೆ: ಯುದ್ಧಕ್ಕೆ ಇಳಿಯಲೇಬೇಕಾದರೆ ತಪ್ಪು ಕಡೆ ಇಳಿಯಬಾರದು. ಬ್ರಿಟನ್ನಿನ ವಿರುದ್ಧ ಇಳಿಯುವ ಹಾಗೆ ಆಗಬಾರದು. ಆ ರಾತ್ರಿ ಸೈನ್ಯ ಸೇರಿಸಲು ಕೊಟ್ಟ ಅಪ್ಪಣೆಯೂ ಅರೆಬರೆ. ಕರೆಯೋಲೆ ಹೋಗಬೇಕಿದ್ದದ್ದು ಅಂಚೆಯಲ್ಲಿ.

ಬೇಕರಿಯ ಹೆಂಗಸಿಗೆ ಆ ಕುದುರೆಗಳ ಕಥೆ ಗೊತ್ತಿತ್ತು. ಚಿಕ್ಕವಳಿದ್ದಾಗ ಎಲ್ಲಕ್ಕಿಂತ ಅದಕ್ಕೇ ಅಳು ಬರುತ್ತಿತ್ತಂತೆ. “ಸೈನಿಕರು ಸುಳ್ಳು ಹೇಳಲಿಲ್ಲ ಅಲ್ವಾ? ಎಲ್ಲಿಗೆ ಅಂತ ಸರಿಯಾಗೇ ಹೇಳಿದರು. ಕೇಳಿಸಿಕೊಳ್ಳಲಿಲ್ಲ ಅಷ್ಟೇ” ಎಂದರು.

ಐದನೇ ದಿನ: ಡ್ರೋಬಾಕ್

ಕ್ರಿಸ್ಟಿಯಾನ್‌ಸಾಂಡ್‌ನಲ್ಲಿ ಕಾರು ಬಿಟ್ಟು, ರಾತ್ರಿ ಬಸ್ಸು ಹಿಡಿದು ಓಸ್ಲೋ. ನಿದ್ದೆಗಣ್ಣಲ್ಲೇ ಡ್ರೋಬಾಕ್‌ಗೆ ಇನ್ನೊಂದು ಬಸ್ಸು. ಅಲ್ಲಿಂದ ಪುಟ್ಟ ಫೆರಿಯಲ್ಲಿ ಓಸ್ಕರ್ಸ್‌ಬೋರ್ಗ್ ಕೋಟೆಯ ನಡುಗಡ್ಡೆ ಕೆಲವೇ ನಿಮಿಷ. ಇಳಿಯುವಾಗಲೇ ಕೊನೆಯ ಫೆರಿ ಎಷ್ಟು ಹೊತ್ತಿಗೆ ಎಂದು ಫೋಟೋ ತೆಗೆದಿಟ್ಟುಕೊಳ್ಳಿ. ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ.

ಓಸ್ಲೋಗೆ ಹೋಗುವ ಹಡಗು ಈ ಸಂದಿಯಲ್ಲೇ ಹಾಯಬೇಕು. ಫಿರಂಗಿಯ ಪಕ್ಕ ನಿಂತರೆ ಎದುರು ದಡದ ಮನೆಗಳ ಕಿಟಕಿ ಎಣಿಸಬಹುದು. ಮೂರು ದೊಡ್ಡ ಫಿರಂಗಿಗಳು, 28 ಸೆಂಟಿಮೀಟರ್ ಬಾಯಿ. ಜರ್ಮನಿಯ ಕ್ರುಪ್ ಕಂಪನಿ ಮಾಡಿದ್ದು, 1893ರಲ್ಲಿ ಇಲ್ಲಿಗೆ ಬಂದದ್ದು. ಹೆಸರು ಮೋಸೆಸ್, ಆರೋನ್, ಯೋಶುವಾ. ತಮ್ಮ ಮೋಸೆಸ್‌ನ ತಣ್ಣನೆಯ ಕಬ್ಬಿಣದ ಮೇಲೆ ಕೈ ಇಟ್ಟು ಸುಮ್ನೆ ನಿಂತುಬಿಟ್ಟ.

ಏಪ್ರಿಲ್ 8ರ ರಾತ್ರಿ ಫಿಯೋರ್ಡ್‌ನ ಬಾಯಲ್ಲಿ ‘ಪೋಲ್ 3’ ಎಂಬ ಸಣ್ಣ ಕಾವಲು ದೋಣಿ ಕತ್ತಲಲ್ಲಿ ಬರುತ್ತಿದ್ದ ಹಡಗುಗಳನ್ನು ಕಂಡು ಎಚ್ಚರಿಸಿತು. ಅದರ ಕ್ಯಾಪ್ಟನ್ ಸತ್ತ. ಈ ಕೋಟೆಯಲ್ಲಿದ್ದವರು 64 ವರ್ಷದ ಕರ್ನಲ್ ಬಿರ್ಗರ್ ಎರಿಕ್ಸೆನ್. ಸೈನಿಕರಲ್ಲಿ ಹೆಚ್ಚಿನವರು ಆಗಷ್ಟೇ ಸೇರಿದ ಹುಡುಗರು. ಫಿರಂಗಿಗೆ ಜನ ಸಾಲದೆ ಅಡುಗೆಯವರನ್ನೂ ಕರೆದರು. ಬರುತ್ತಿರುವುದು ಬ್ರಿಟನ್ನಿನ ಹಡಗೋ ಜರ್ಮನಿಯದ್ದೋ ಗೊತ್ತಿಲ್ಲ. ಮೇಲಿನಿಂದ ಸ್ಪಷ್ಟ ಅಪ್ಪಣೆ ಇಲ್ಲ. ತಟಸ್ಥ ದೇಶದ ನಿಯಮ ಮೊದಲು ಎಚ್ಚರಿಕೆಯ ಗುಂಡು ಎನ್ನುತ್ತದೆ. ಫಿಯೋರ್ಡ್‌ನ ಹೊರಗಿನ ಕೋಟೆಗಳನ್ನು ದಾಟಿ ಬಂದವರಿಗೆ ಇನ್ನು ಎಚ್ಚರಿಕೆ ಬೇಕಿಲ್ಲ ಎಂದು ಎರಿಕ್ಸೆನ್ ತೀರ್ಮಾನಿಸಿದರು. ಪದಕ ಸಿಗಬಹುದು, ಇಲ್ಲವೇ ಕೋರ್ಟ್ ಮಾರ್ಷಲ್ ಆಗಬಹುದು, ಹೊಡೆಯಿರಿ ಎಂದರು.

ಬೆಳಗಿನ ಜಾವ 4:21. ಮೋಸೆಸ್ ಒಂದು, ಆರೋನ್ ಒಂದು, ಎರಡೇ ಗುಂಡು. ಎರಡೂ ತಾಗಿದವು. ಆಮೇಲೆ ಬಂಡೆಯೊಳಗಿನ ಗುಪ್ತ ಕೇಂದ್ರದಿಂದ ನಲವತ್ತು ವರ್ಷ ಹಳೇ ಟಾರ್ಪಿಡೋಗಳು ಹೋದವು. ಹಡಗು ಉರಿಯುತ್ತಾ ಮುಂದೆ ಸಾಗಿತು. ಅದರ ಮೇಲಿನವರು ಹಾಡುವುದು ಕೇಳಿದಾಗಲೇ ಇವರು ಜರ್ಮನ್ನರು ಎಂದು ದಡದವರಿಗೆ ತಿಳಿದದ್ದು. ಅದೇ ಬ್ಲೂಶರ್, ಸೇವೆಗೆ ಸೇರಿ ಏಳು ತಿಂಗಳಾಗಿತ್ತು. ನೂರಾರು ಜನರೊಂದಿಗೆ ಮುಳುಗಿತು. ಇಂದಿಗೂ ತಳದಲ್ಲೇ ಇದೆ. ಮೊದಲ ದಿನ ಲಂಗರಿನ ಮೇಲೆ ಕೂತಿದ್ದ ಮಕ್ಕಳ ಫೋಟೋ ತೆಗೆದು ನೋಡಿದೆ. ಆ ಹಡಗಿನಲ್ಲಿದ್ದವರೂ ಯಾರದೋ ಮಕ್ಕಳು.

ಓಸ್ಲೋ ಆ ಮಧ್ಯಾಹ್ನವೇ ವಿಮಾನದಲ್ಲಿ ಬಂದ ಸೈನಿಕರ ವಶವಾಯಿತು. ಆದರೆ ಇಲ್ಲಿ ಸಿಕ್ಕ ಆ ಕೆಲವು ಗಂಟೆಗಳಲ್ಲಿ ರಾಜ ಏಳನೇ ಹಾಕೋನ್, ಸಂಸತ್ತು, ಮಂತ್ರಿಗಳು ರೈಲು ಹತ್ತಿ ಉತ್ತರಕ್ಕೆ ಹೋದರು. ಬ್ಯಾಂಕಿನ ಚಿನ್ನ ಲಾರಿಗಳಲ್ಲಿ ಹೊರಟಿತು. ಮರುದಿನ ಎಲ್ವೆರುಮ್‌ನಲ್ಲಿ ಜರ್ಮನ್ ರಾಯಭಾರಿ ಕ್ವಿಸ್ಲಿಂಗ್‌ನನ್ನು ಪ್ರಧಾನಿ ಮಾಡಿ ಎಂದ. ರಾಜ, ತೀರ್ಮಾನ ಸರ್ಕಾರದ್ದು, ಆದರೆ ನೀವು ಒಪ್ಪಿದರೆ ನಾನು ಸಿಂಹಾಸನ ಬಿಡುತ್ತೇನೆ ಎಂದು ಮಂತ್ರಿಗಳಿಗೆ ಹೇಳಿದರು. ಮಂತ್ರಿಗಳು ಒಪ್ಪಲಿಲ್ಲ.

ಕೊನೆಯ ಫೆರಿ ಸ್ವಲ್ಪದರಲ್ಲೇ ಸಿಕ್ಕಿತು. ಓಡಿ ಹತ್ತಿದೆವು.

ಆರು, ಏಳನೇ ದಿನ: ನಾರ್ವಿಕ್

ವಿಮಾನದಲ್ಲಿ ಎವೆನೆಸ್, ಅಲ್ಲಿಂದ ಬಸ್ಸು. 68 ಡಿಗ್ರಿ ಉತ್ತರ. ರಾತ್ರಿ ಹನ್ನೊಂದಕ್ಕೂ ಓದುವಷ್ಟು ಬೆಳಕು. ಕಣ್ಣಿಗೆ ಕಟ್ಟಿಕೊಳ್ಳುವ ಪಟ್ಟಿ ಇಲ್ಲದಿದ್ದರೆ ನಿದ್ದೆ ಕಷ್ಟ. ನಾನು ದುಪಟ್ಟಾ ಕಟ್ಟಿಕೊಂಡೆ.

ಊರಿನ ನಡುವೆಯೇ ರೈಲು ಹಳಿ. ಸ್ವೀಡನ್ನಿನ ಕಿರುನಾ ಗಣಿಯಿಂದ ಕಬ್ಬಿಣದ ಅದಿರು ಬೆಟ್ಟ ಇಳಿದು ಇಲ್ಲಿಗೆ ಬರುತ್ತದೆ. ಒಂದೊಂದು ರೈಲಿಗೆ 68 ವ್ಯಾಗನ್, ಉದ್ದ ಸುಮಾರು 750 ಮೀಟರ್. ಸ್ವೀಡನ್ನಿನ ಕಡೆಯ ಬಂದರು ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆ. ನಾರ್ವಿಕ್ ಅದಕ್ಕಿಂತ ಉತ್ತರದಲ್ಲಿದ್ದರೂ ಬೆಚ್ಚನೆಯ ಸಾಗರ ಪ್ರವಾಹದ ದಯದಿಂದ ಹೆಪ್ಪುಗಟ್ಟುವುದಿಲ್ಲ. ಜರ್ಮನಿ ವರ್ಷಕ್ಕೆ ಸುಮಾರು 1 ಕೋಟಿ ಟನ್ ಸ್ವೀಡನ್ ಅದಿರು ತರಿಸುತ್ತಿತ್ತು. ಚಳಿಗಾಲದ ಪಾಲು ಬರುವುದು ಈ ಊರಿನಿಂದ, ಆ ನಡುಗಡ್ಡೆಗಳ ಒಳದಾರಿಯಲ್ಲಿ. ಬ್ರಿಟನ್ನಿಗೆ ಅದನ್ನು ತಡೆಯಬೇಕಿತ್ತು, ಜರ್ಮನಿಗೆ ಉಳಿಸಿಕೊಳ್ಳಬೇಕಿತ್ತು. ಸೋವಿಯತ್ ದಾಳಿಗೆ ಸಿಕ್ಕ ಫಿನ್ಲೆಂಡಿಗೆ ನೆರವು ಕೊಡುತ್ತೇವೆ, ದಾರಿ ಬಿಡಿ ಎಂದು ಬ್ರಿಟನ್, ಫ್ರಾನ್ಸ್ ಕೇಳಿದಾಗಲೂ ಆ ದಾರಿ ಈ ಹಳಿಯ ಮೇಲೆ, ಗಣಿಯ ಪಕ್ಕದಲ್ಲೇ ಇತ್ತು. ನಾರ್ವೆ, ಸ್ವೀಡನ್ ಎರಡೂ ಬೇಡ ಎಂದವು.

ಬೆಳಿಗ್ಗೆ ಅದೇ ಹಳಿಯ ಪ್ಯಾಸೆಂಜರ್ ರೈಲು ಹತ್ತಿ ಗಡಿಯ ಬ್ಯೋರ್ನ್‌ಫೆಲ್‌ವರೆಗೆ ಹೋದೆವು. ನಾರ್ವಿಕ್‌ನಿಂದ ಹೋಗುವಾಗ ಎಡಗಡೆ ಕಿಟಕಿ ಹಿಡಿಯಬೇಕು. ಕೆಳಗೆ ರೊಂಬಾಕ್ ಫಿಯೋರ್ಡ್‌ನಲ್ಲಿ ‘ಗೇಯೋರ್ಗ್ ಥೀಲೆ’ ಎಂಬ ಜರ್ಮನ್ ಡಿಸ್ಟ್ರಾಯರ್‌ನ ಮೂತಿ ತುಕ್ಕು ಹಿಡಿದು ನೀರಿನ ಮೇಲೆ ನಿಂತಿದೆ. ಮೇಲೆ ಜೂನ್‌ನಲ್ಲೂ ಹಿಮ. ನಮ್ಮ ಕ್ಯಾನ್ವಾಸ್ ಶೂಗಳು ಹತ್ತು ನಿಮಿಷಕ್ಕೇ ಒದ್ದೆ.

ಸಂಜೆ ಯುದ್ಧ ಮ್ಯೂಸಿಯಂ. ಏಪ್ರಿಲ್ 9ರ ಮುಂಜಾನೆ ಹಿಮ ಸುರಿಯುತ್ತಿತ್ತು. ಹತ್ತು ಜರ್ಮನ್ ಡಿಸ್ಟ್ರಾಯರ್‌ಗಳು ಬಂದವು. ನಾರ್ವೆಯ ಹಳೇ ಯುದ್ಧನೌಕೆ ‘ಐಡ್ಸ್‌ವೋಲ್ಡ್’ಗೆ ಒಬ್ಬ ಅಧಿಕಾರಿ ಬಂದು, ಸ್ನೇಹಿತರಾಗಿ ಬಂದಿದ್ದೇವೆ, ಶರಣಾಗಿ ಎಂದ. ಕ್ಯಾಪ್ಟನ್ ವಿಲ್ಲೋಕ್ ಒಪ್ಪಲಿಲ್ಲ. ಅಧಿಕಾರಿಯ ದೋಣಿ ದೂರ ಸರಿದ ಕೂಡಲೇ ಟಾರ್ಪಿಡೋ ಬಿತ್ತು. ಉಳಿದವರು ಬೆರಳೆಣಿಕೆಯಷ್ಟು. ಅಲ್ಲಿದ್ದ ನಾರ್ವೆಯ ಇನ್ನೊಂದು ಯುದ್ಧನೌಕೆ ‘ನೋರ್ಗೆ’ ಕೂಡ ಹೋಯಿತು. ಮೇ 28ರಂದು ನಾರ್ವೆ, ಫ್ರಾನ್ಸ್, ಪೋಲೆಂಡಿನ ಸೈನಿಕರು ಊರನ್ನು ಮತ್ತೆ ಗೆದ್ದರು. ಅಷ್ಟರಲ್ಲಿ ಫ್ರಾನ್ಸ್ ಕುಸಿಯುತ್ತಿತ್ತು. ಹೊರಗಿನ ಪಡೆಗಳು ವಾಪಸ್ ಹೋದವು. ಜೂನ್ 7ರಂದು ರಾಜ ಟ್ರೊಮ್ಸೊದಿಂದ ಬ್ರಿಟಿಷ್ ಹಡಗು ಹತ್ತಿದರು. ಹೋರಾಡಿದ್ದು 62 ದಿನ. ಸುಮಾರು ಸಾವಿರ ವ್ಯಾಪಾರಿ ಹಡಗುಗಳು ಮಾತ್ರ ಶತ್ರುವಿನ ಕೈಗೆ ಸಿಗದೆ, ಯುದ್ಧ ಮುಗಿಯುವವರೆಗೂ ಮಿತ್ರ ಪಡೆಗಳಿಗೆ ಎಣ್ಣೆ, ಆಹಾರ ಹೊತ್ತವು.

ಊಟ ಮುಗಿಸಿ ಹಳಿಯ ಮೇಲಿನ ಸೇತುವೆಗೆ ಬಂದೆವು. ಹನ್ನೊಂದೂವರೆ ಗಂಟೆ. ಬೆಟ್ಟದ ತುದಿಯಲ್ಲಿ ಹಳದಿ ಬಿಸಿಲು ಇನ್ನೂ ಇತ್ತು. ಅದಿರಿನ ರೈಲು ನಿಧಾನವಾಗಿ ಇಳಿದು ಬಂತು. ಸೇತುವೆ ಅದುರುತ್ತಿತ್ತು. ತಮ್ಮ ಜೋರಾಗಿ ವ್ಯಾಗನ್ ಎಣಿಸತೊಡಗಿದ. ನಾಯಿ ಹಿಡಿದು ಬಂದ ಒಬ್ಬ ಹೆಂಗಸು ನಮ್ಮ ಪಕ್ಕ ನಿಂತು, ರೈಲು ಪೂರ್ತಿ ದಾಟುವವರೆಗೆ ಕಾದರು.

“ಎಷ್ಟಾಯಿತು?” ಎಂದು ಕೇಳಿದರು.

“ಅರವತ್ತೇಳು.”

“ಒಂದು ಬಿಟ್ಟಿದ್ದೀರಿ” ಎಂದರು. ಬಂದರಿನಲ್ಲಿ ಹಡಗೊಂದು ಕಾಯುತ್ತಿತ್ತು. ಇನ್ನೊಂದು ರೈಲು ಎಷ್ಟು ಹೊತ್ತಿಗೆ ಎಂದು ತಮ್ಮ ಕೇಳಿದ. ರಾತ್ರಿಯಿಡೀ ಬರುತ್ತಲೇ ಇರುತ್ತವೆ ಎಂದರು. ನಾವು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತೆವು.